ಕೇಬಲ್ ಕ್ಲಚ್ಚಾ, ಹೈಡ್ರಾಲಿಕ್ಕಾ? ಆಗುಂಬೆ ಹತ್ತುವವರಿಗೆ ಒಂದು ಉತ್ತರ

ಕುಂದಾಪುರದವರೇ, ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ವಾರ ವಾರ ಆಗುಂಬೆ ಹತ್ತಿ ಶಿವಮೊಗ್ಗಕ್ಕೆ ಹೋಗ್ಲಿಕ್ಕುಂಟು, ಎಡಗೈ ಮಣಿಕಟ್ಟು ನೋಯ್ತದೆ. ಹೊಸ ಹಿಮಾಲಯನ್ 450 ಬೈಕ್ ನೋಡಿಟ್ಟಿದ್ರಿ. ಗ್ಯಾರೇಜಿನವರು "ಈ ಉಪ್ಪುಗಾಳಿಗೆ ಕೇಬಲ್ ನಿಲ್ಲುದಿಲ್ಲ, ಹೈಡ್ರಾಲಿಕ್ ಕ್ಲಚ್ಚಿನ ಹಳೆ ವಿ-ಸ್ಟ್ರೋಮ್ 1000 ತಗೊಳ್ಳಿ" ಅಂದ್ರು. ಕ್ಲಚ್ ಒಂದೇ ಕಾರಣಕ್ಕಾದ್ರೆ ಬೇಡ ಮಾರಾಯ್ರೆ.

ಕೇಬಲ್ ಕ್ಲಚ್ಚಿನಲ್ಲಿ ಲಿವರ್ ಒಂದು ತಂತಿಯನ್ನು ಎಳೆಯುತ್ತದೆ, ಹೈಡ್ರಾಲಿಕ್ಕಿನಲ್ಲಿ ಪೈಪಿನೊಳಗಿನ ದ್ರವವನ್ನು ಒತ್ತುತ್ತದೆ. ಹೈಡ್ರಾಲಿಕ್ ಅಂದ ಕೂಡಲೇ ಲಿವರ್ ಹಗುರ ಅಂತ ಇಲ್ಲ. ಲಿವರ್ ಎಷ್ಟು ಗಟ್ಟಿ ಅನ್ನುವುದನ್ನು ನಿರ್ಧರಿಸುವುದು ಒಳಗಿನ ಕ್ಲಚ್ ಸ್ಪ್ರಿಂಗ್. ಆಮೇಲೆ ಕೇಬಲ್ಲಿನಲ್ಲಿ ಎಂಜಿನ್ ಕಡೆ ತಂತಿ ಎಳೆಯುವ ಆರ್ಮಿನ ಉದ್ದ, ಹೈಡ್ರಾಲಿಕ್ಕಿನಲ್ಲಿ ಲಿವರ್ ಬುಡದ (ಮಾಸ್ಟರ್) ಮತ್ತು ಎಂಜಿನ್ ಕಡೆಯ (ಸ್ಲೇವ್) ಪಿಸ್ಟನ್‌ಗಳ ಅಳತೆ. ಈಗಿನ ಹಗುರ ಲಿವರಿಗೆ ನಿಜವಾದ ಕಾರಣ ಸ್ಲಿಪ್ ಅಂಡ್ ಅಸಿಸ್ಟ್ ಕ್ಲಚ್. ಎಂಜಿನ್ ಎಳೆಯುವಾಗ ಹಬ್ಬಿನ ಇಳಿಜಾರು ಹಲ್ಲುಗಳೇ ಪ್ಲೇಟುಗಳನ್ನು ಬಿಗಿಯುವುದರಿಂದ ಸ್ಪ್ರಿಂಗ್ ಮೆತ್ತಗಿದ್ದರೂ ನಡೆಯುತ್ತದೆ. ಹಿಮಾಲಯನ್ 450, ಇಂಟರ್‌ಸೆಪ್ಟರ್ 650 ಎರಡರಲ್ಲೂ ಇರುವುದು ಇದೇ, ಎರಡೂ ಕೇಬಲ್. ಆಫ್ರಿಕಾ ಟ್ವಿನ್ನಿನಂಥ ದೊಡ್ಡ ಟೂರಿಂಗ್ ಬೈಕಿಗೂ ಹೋಂಡಾದವರು ಕೇಬಲ್ಲನ್ನೇ ಕೊಟ್ಟಿದ್ದಾರೆ.

ಹಾಗಾದ್ರೆ ನಿಮ್ಮ ಈಗಿನ ಬೈಕಿನ ಲಿವರ್ ಎಂತಕ್ಕೆ ಗಟ್ಟಿ? ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕೇಬಲ್ಲನ್ನು ಬಿಗಿ-ಸಡಿಲ ಮಾಡುವ ಎರಡೂ ಅಡ್ಜಸ್ಟರ್ ಸಡಿಲಿಸಿ, ಎಂಜಿನ್ ಕಡೆಯ ಆರ್ಮಿನಿಂದ ಕೇಬಲ್ ತುದಿ ಬಿಡಿಸಿ. ಒಳತಂತಿಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ನುಣ್ಣಗೆ ಜಾರಬೇಕು. ಮರಳು ಉಜ್ಜಿದ ಹಾಗೆ ಕೈಗೆ ತಾಗಿದರೆ, ಇಲ್ಲವೇ ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಮಾತ್ರ ಹಿಡಿದರೆ, ತಪ್ಪು ಕೇಬಲ್ಲಿನದ್ದು ಅಥವಾ ಅದು ಹೋಗುವ ದಾರಿಯದ್ದು. ಕೇಬಲ್ ಸಲೀಸಾಗಿದ್ದು ಆರ್ಮ್ ಮಾತ್ರ ಹಿಡಿದು ಹಿಡಿದು ತಿರುಗಿದರೆ ಆರ್ಮಿನ ಶಾಫ್ಟ್ ತುಕ್ಕು ತಿಂದಿದೆ. ನಮ್ಮ ಕಡೆ ಇದು ತುಂಬಾ ಸಾಮಾನ್ಯ. ಕೇಬಲ್ ಮೇಲೆ ಕೇಬಲ್ ಬದಲಿಸುತ್ತಾರೆ, ಶಾಫ್ಟಿಗೆ ಗ್ರೀಸ್ ಹಾಕುವವರು ಯಾರೂ ಇಲ್ಲ.

ಮಣಿಕಟ್ಟಿನ ವಿಷಯಕ್ಕೆ ಲಿವರಿನ ಕೋನವನ್ನೂ ನೋಡಿ. ಸೀಟಲ್ಲಿ ಕೂತು ಕೈ ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇರಬೇಕು. ಹೆಚ್ಚಿನವರ ಲಿವರ್ ಮೇಲೆ ನೋಡುತ್ತಿರುತ್ತದೆ. ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಗೆ ತಿರುಗಿಸಿದರೆ ಅರ್ಧ ನೋವು ಅಲ್ಲಿಯೇ ಹೋಗುತ್ತದೆ. ಪಂಪ್‌ವೆಲ್, ನಂತೂರಿನಂಥ ಮಂಗಳೂರಿನ ಸರ್ಕಲ್ಲುಗಳ ಬ್ಲಾಕಿನಲ್ಲಿ ಲಿವರ್ ಒತ್ತಿ ನಿಲ್ಲುವ ಅಭ್ಯಾಸವಿದ್ದರೆ ಬಿಡಿ, ನ್ಯೂಟ್ರಲ್ಲಿಗೆ ಹಾಕಿ. ಆಗುಂಬೆಯ 14 ತಿರುವುಗಳನ್ನೂ ಎರಡನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಹತ್ತಿದರೆ ಕೇಬಲ್ ಆಗಲಿ ಹೈಡ್ರಾಲಿಕ್ ಆಗಲಿ, ಪ್ಲೇಟ್ ಸುಡುತ್ತದೆ. ಮೊದಲ ಗೇರಿಗೆ ಇಳಿಸುವುದಕ್ಕೆ ನಾಚಿಕೆ ಎಂತಕ್ಕೆ?

ಉಪ್ಪುಗಾಳಿಗೆ ಕೇಬಲ್ ಕೆಡುವುದು ಹೌದು, ಆದರೆ ಹೇಳಿ ಕೆಡುತ್ತದೆ. ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಲಿವರ್ ಬುಡದ ನಿಪ್ಪಲ್ (ತಂತಿಯ ತುದಿಯ ಗುಂಡಿ) ಹತ್ತಿರ ಒಂದೊಂದೇ ಎಳೆ ಕಿತ್ತು ಬರುತ್ತದೆ. ಲಿವರ್ ಬಿಚ್ಚಿ ಟಾರ್ಚ್ ಹಿಡಿದರೆ ಕಾಣುತ್ತದೆ. ಒಂದು ಎಳೆ ಕಿತ್ತಿದ್ದು ಕಂಡರೂ ಬದಲಿಸಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಮೇಲಿನ ತುದಿಯಿಂದ ತೆಳು ಎಣ್ಣೆ ಬಿಡಿ, ಕೆಳಗಿನ ತುದಿಯಲ್ಲಿ ಶುದ್ಧ ಎಣ್ಣೆ ತೊಟ್ಟಿಕ್ಕುವವರೆಗೆ. ಒಳಗೆ ನೈಲಾನ್ ಪದರ ಇರುವ ಕೇಬಲ್ಲಿಗೆ ಗ್ರೀಸ್ ತುರುಕಬೇಡಿ, ಧೂಳು ಸೇರಿ ಅಂಟಾಗುತ್ತದೆ. ಗ್ರೀಸ್ ಬೇಕಾದ್ದು ನಿಪ್ಪಲ್ಲಿಗೆ ಮತ್ತು ಲಿವರಿನ ಪಿವೋಟ್ ಬೋಲ್ಟಿಗೆ. ಅಡ್ಜಸ್ಟರಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಮೊದಲು ಅದನ್ನು ಹಾಕಿಸಿ, ನೀರು ಇಳಿಯುವುದೇ ಅಲ್ಲಿಂದ.

ಪ್ಲೇ, ಅಂದರೆ ಕ್ಲಚ್ ಬಿಡಲು ಶುರುವಾಗುವ ಮೊದಲು ಲಿವರ್ ಸಡಿಲವಾಗಿ ಆಡುವ ದೂರ, ಎಷ್ಟಿರಬೇಕು ಅಂತ ಮ್ಯಾನುವಲ್ ನೋಡಿ. ಹಲವು ಬೈಕುಗಳಲ್ಲಿ ಲಿವರಿನ ತುದಿಯಲ್ಲಿ 10ರಿಂದ 15 ಮಿಮೀ. ಎಂಜಿನ್ ತಣ್ಣಗಿರುವಾಗ ಅಳೆಯಿರಿ. ಪ್ಲೇಟ್ ಸವೆದ ಹಾಗೆ ಪ್ಲೇ ಕಮ್ಮಿಯಾಗುತ್ತಾ ಬರುತ್ತದೆ. ಸೊನ್ನೆಗೆ ಬಂದರೆ ಕ್ಲಚ್ ಪೂರ್ತಿ ಕೂರುವುದಿಲ್ಲ. ಘಾಟಿಯಲ್ಲಿ ಥ್ರಾಟಲ್ ಕೊಟ್ಟರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಹೊಂದಿಸಿದ ಮೇಲೆ ನ್ಯೂಟ್ರಲ್ಲಿನಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡಲ್ಲನ್ನು ಎಡ ಬಲ ಪೂರ್ತಿ ತಿರುಗಿಸಿ ಪ್ಲೇ ಬದಲಾಗುತ್ತದಾ ನೋಡಿ.

ಇನ್ನು ಹೈಡ್ರಾಲಿಕ್. ಪ್ಲೇಟ್ ಸವೆದರೂ ತಾನೇ ಸರಿಮಾಡಿಕೊಳ್ಳುತ್ತದೆ, ಕಚ್ಚುವ ಜಾಗ ಬದಲಾಗುವುದಿಲ್ಲ, ಲಾಂಗ್ ರೈಡಿಗೆ ಅದೊಂದು ಸುಖವೇ. ಆದರೆ ಇದರ ರೋಗ ಹೊರಗೆ ಕಾಣುವುದಿಲ್ಲ. ಒಳಗಿನ ಡಾಟ್ 4 ದ್ರವ (ಬ್ರೇಕಿಗೆ ಹಾಕುವಂಥದ್ದೇ) ಗಾಳಿಯ ತೇವ ಹೀರುತ್ತದೆ, ನಮ್ಮ ಜೂನ್-ಜುಲೈ ಹವೆಯಲ್ಲಿ ತೇವಕ್ಕೇನು ಬರ? ಹೊಸ ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಮೇಲೆ ಆ ಮಿತಿ 155. ಅದಕ್ಕಿಂತ ಮುಖ್ಯ, ಒಳಗಿನ ಪಿಸ್ಟನ್ ತುಕ್ಕು ಹಿಡಿದು ಸೀಲ್ ಕೊರೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಅದೂ ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ, ಸೀಲ್ ಒಡೆಯದ ಹೊಸ ಬಾಟಲಿಯಿಂದ. ಕಳೆದ ವರ್ಷ ತೆರೆದಿಟ್ಟ ಬಾಟಲಿ ಬೇಡ.

ಇಲ್ಲಿ ಒಂದು ಕಡೆ ಬ್ರೇಕಿನ ಅಂದಾಜು ತಲೆಕೆಳಗು. ಬ್ರೇಕ್ ಪ್ಯಾಡ್ ಸವೆದರೆ ದ್ರವ ತುಂಬುವ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಏರುತ್ತದೆ, ಪುಶ್‌ರಾಡ್ (ತಳ್ಳುವ ಸರಳು) ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವುದರಿಂದ. ಆದ್ದರಿಂದ ಅಂಚಿನವರೆಗೆ ತುಂಬಿಸಬೇಡಿ. ತುಂಬಿ ತುಳುಕುತ್ತಿದ್ದರೆ, ಅಥವಾ ಡಬ್ಬಿಯ ತಳದ ಸೂಜಿಮೊನೆಯಷ್ಟು ತೂತು ಕೆಸರು ಕಟ್ಟಿದ್ದರೆ, ಬಿಸಿಗೆ ಹಿಗ್ಗಿದ ದ್ರವಕ್ಕೆ ಜಾಗವಿಲ್ಲದೆ ಕ್ಲಚ್ಚನ್ನು ಅದೇ ಸ್ವಲ್ಪ ಒತ್ತಿ ಹಿಡಿಯುತ್ತದೆ. ಜನ ಪ್ಲೇಟ್ ಹೋಯ್ತು ಅಂತ ಎಂಜಿನ್ ಬಿಚ್ಚಿಸುತ್ತಾರೆ. ಇನ್ನೊಂದು, ಕೆಲವು ಬೈಕುಗಳ ಕ್ಲಚ್ಚಿಗೆ ಮಿನರಲ್ ಆಯಿಲ್ ಬೇಕು, ಡಾಟ್ 4 ಅಲ್ಲ. ತಪ್ಪಿ ಬೆರೆಸಿದರೆ ಸೀಲ್ ಉಬ್ಬಿ ಕೆಡುತ್ತದೆ. ಮುಚ್ಚಳದ ಮೇಲೆ ಬರೆದದ್ದನ್ನು ಓದಿಯೇ ಸುರಿಯಿರಿ.

ದಾರಿಯಲ್ಲಿ ಕೈಕೊಟ್ಟರೆ? ಕೇಬಲ್ ತುಂಡಾದರೆ, ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಮೊದಲೇ ಕಟ್ಟಿಟ್ಟಿದ್ದರೆ ಹೆಬ್ರಿಯ ರಸ್ತೆ ಬದಿಯಲ್ಲೂ ಎರಡು ಸ್ಪ್ಯಾನರಿನಲ್ಲಿ ಕೆಲಸ ಮುಗಿಯುತ್ತದೆ. ಹೈಡ್ರಾಲಿಕ್ಕಿನಲ್ಲಿ ಸೀಲ್ ಸೋರಿದರೆ ದ್ರವ ತುಂಬಿಸಿ ಲಿವರ್ ನಾಲ್ಕೈದು ಸಲ ಪಂಪ್ ಮಾಡಿ ಹತ್ತಿರದ ಊರು ಮುಟ್ಟಬಹುದು, ಅಷ್ಟೇ. ಸ್ಲೇವ್ ಸೀಲ್ ಕಿಟ್ ಸೋಮೇಶ್ವರದ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಇಷ್ಟಾದರೂ ಆ ವಿ-ಸ್ಟ್ರೋಮ್ ಮೇಲೆ ಮನಸ್ಸಿದ್ದರೆ, ಎಂಜಿನ್ನಿಗೋಸ್ಕರ ಇರಲಿ. ನೋಡಲು ಹೋದಾಗ ಕ್ಲಚ್ ಡಬ್ಬಿಯ ಮುಚ್ಚಳ ಬಿಚ್ಚಿಸಿ: ದ್ರವ ತಿಳಿ ಹಳದಿ ಇದ್ದರೆ ಸರಿ, ಕಾಫಿ ಬಣ್ಣಕ್ಕೆ ತಿರುಗಿದ್ದರೆ ವರ್ಷಗಟ್ಟಲೆ ಮುಟ್ಟಿಲ್ಲ. ಸ್ಲೇವ್ ಸೋರಿದೆಯಾ ಅಂತ ಎಡಗಡೆ ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಕವರಿನ ಅಡಿಗೆ ಬೆರಳು ಹಾಕಿ ನೋಡಿ, ಚೈನ್ ಎಣ್ಣೆ ಕಪ್ಪಗೆ ಅಂಟುತ್ತದೆ, ಬ್ರೇಕ್ ದ್ರವ ತೆಳ್ಳಗೆ ಜಾರುತ್ತದೆ, ಪೈಂಟನ್ನೂ ತಿಂದಿರುತ್ತದೆ. ಮೊದಲ ಗೇರಿಗೆ ಹಾಕಿ ಲಿವರ್ ಒತ್ತಿ ಒಂದು ನಿಮಿಷ ಹಿಡಿದು ನಿಲ್ಲಿ. ಬೈಕ್ ನಿಧಾನ ಮುಂದಕ್ಕೆ ತೆವಳಿದರೆ ಮಾಸ್ಟರ್ ಸಿಲಿಂಡರಿನ ಸೀಲ್ ಬಿಡುತ್ತಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಮಾಸ್ಟರ್, ಸ್ಲೇವ್ ಎರಡರ ಕಿಟ್ಟಿನ ಖರ್ಚು ಮತ್ತು ಕೂಲಿ ಕಳೆದು ರೇಟ್ ಮಾತಾಡಿ.