ಓದುಗರ ಪ್ರಶ್ನೆ: ಡಾಂಬರಿನಲ್ಲಿ ನಾರು ಉಂಡೆ ಕಟ್ಟಿದರೆ

ಪ್ರಶ್ನೆ: ಸಿಂಥೆಟಿಕ್ ನಾರು ಬೆರೆಸಿ ಹಾಸಿದ ಡಾಂಬರು ರಸ್ತೆಯಲ್ಲಿ ಅಲ್ಲಲ್ಲಿ ನಿಂಬೆಹಣ್ಣಿನ ಗಾತ್ರದ ನಾರಿನ ಉಂಡೆಗಳು ಕಾಣುತ್ತಿವೆ. ಸುತ್ತಲಿನ ಜಲ್ಲಿಯೂ ಕಿತ್ತು ಬರುತ್ತಿದೆ. ನಾರು ಕಳಪೆಯೇ?

ಉತ್ತರ: ನಾರಿಗಿಂತ ಮೊದಲು ಬೆರೆಸಿದ ಕ್ರಮವನ್ನು ಅನುಮಾನಿಸಿ. ಡಾಂಬರು ಬಿದ್ದ ಮೇಲೆ ನಾರು ಹಾಕಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ತಿರುಗಿಸಿದರೂ ಬಿಡಿಸಿಕೊಳ್ಳುವುದು ಕಷ್ಟ. ಉಂಡೆ ಸುತ್ತಲಿನ ಡಾಂಬರನ್ನು ಹೀರಿಕೊಂಡಾಗ ಪಕ್ಕದ ಜಲ್ಲಿಗೆ ಅಂಟು ಸಾಲದೆ ಹೋಗುತ್ತದೆ. ಕಿತ್ತು ಬರುವುದು ಅದೇ ಜಲ್ಲಿ. ತೇವ ಹಿಡಿದ ಚೀಲದ ನಾರೂ ಹೀಗೇ ಮುದ್ದೆಯಾಗುತ್ತದೆ.

ಕಂತು ಕಂತಾಗಿ ಬೆರೆಸುವ ಬ್ಯಾಚ್ ಪ್ಲಾಂಟಿನಲ್ಲಾದರೆ ಬಿಸಿ ಜಲ್ಲಿ ಮಿಕ್ಸರಿಗೆ ಬೀಳುವಾಗಲೇ ನಾರು ಹಾಕಿ, ಸುಮಾರು 10 ಸೆಕೆಂಡ್ ಒಣದಾಗಿ ತಿರುಗಿಸಿ, ಆಮೇಲೆ ಡಾಂಬರು ಬಿಡಬೇಕು. ಡ್ರಮ್ ಪ್ಲಾಂಟಿನಲ್ಲಿ ಮಿಶ್ರಣ ಎಡೆಬಿಡದೆ ಹರಿಯುವುದರಿಂದ ಕೈಯಿಂದ ಚೀಲ ಸುರಿದರೆ ಒಂದು ಲಾರಿಗೆ ಹೆಚ್ಚು, ಮತ್ತೊಂದಕ್ಕೆ ಕಡಿಮೆ. ತೂಕಕ್ಕೆ ಹೊಂದಿಸಿ ಗಾಳಿಯಲ್ಲಿ ಊದುವ ಯಂತ್ರ ಬೇಕು. ಅದರ ಕೊಳವೆ ಡಾಂಬರು ಚಿಮ್ಮುವ ಜಾಗದ ಹತ್ತಿರ ತೆರೆಯಬೇಕು. ಬರ್ನರ್ ಕಡೆ ಬಿಟ್ಟರೆ ನಾರು ಸುಡುತ್ತದೆ, ಇಲ್ಲವೇ ಧೂಳಿನ ಫಿಲ್ಟರ್ ಸೇರುತ್ತದೆ. ಮೊದಲ ಲಾರಿ ಹೊರಡುವ ಮುನ್ನ ಒಂದು ಸಲಿಕೆ ಮಿಶ್ರಣವನ್ನು ತಗಡಿನ ಮೇಲೆ ಹರಡಿ ನೋಡಿ. ಉಂಡೆ ಕಂಡರೆ ಅಲ್ಲೇ ನಿಲ್ಲಿಸಿ. ರಸ್ತೆಗೆ ಹೋದ ಮೇಲೆ ಆ ಜಾಗ ಅಗೆದು ತೇಪೆ ಹಾಕುವುದೊಂದೇ ದಾರಿ.

ಪ್ರಶ್ನೆ: ಯಾವ ನಾರು, ಎಷ್ಟು?

ಉತ್ತರ: ಪಾಲಿಪ್ರೊಪಿಲೀನ್ ಸುಮಾರು 160–165 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಬಿಸಿ ಮಿಶ್ರಣ ಆ ಮಟ್ಟ ಮುಟ್ಟುವುದು ಅಪರೂಪವಲ್ಲ. ಆಗ ಅದು ಎಳೆಯಾಗಿ ಉಳಿಯುವುದಿಲ್ಲ. ಪಾಲಿಯೆಸ್ಟರ್ 250 ಡಿಗ್ರಿವರೆಗೂ ತಾಳುತ್ತದೆ. ಅರಾಮಿಡ್ ಕರಗುವುದೇ ಇಲ್ಲ, ಎಳೆದರೆ ಸುಲಭಕ್ಕೆ ಹರಿಯುವುದೂ ಇಲ್ಲ.

ಅರಾಮಿಡ್ ಮತ್ತು ಪಾಲಿಯೋಲೆಫಿನ್ (ಪಾಲಿಪ್ರೊಪಿಲೀನ್ ಸೇರಿದ ಪ್ಲಾಸ್ಟಿಕ್ ಗುಂಪು) ಬೆರಕೆಗೆ ಟನ್ನಿಗೆ ಸುಮಾರು ಅರ್ಧ ಕಿಲೋ, ಎಂದರೆ 0.05 ಶೇಕಡಾ, ರೂಢಿಯ ಪ್ರಮಾಣ. ಪಾಲಿಯೆಸ್ಟರ್‌ಗೆ 0.2–0.3 ಶೇಕಡಾ. 1 ಕಿ.ಮೀ. ಉದ್ದ, 3.5 ಮೀಟರ್ ಅಗಲ, 50 ಮಿ.ಮೀ. ದಪ್ಪದ ಪದರಕ್ಕೆ ಘನ ಮೀಟರಿಗೆ 2.4 ಟನ್ ಹಿಡಿದರೆ 420 ಟನ್ ಮಿಶ್ರಣ ಬೇಕು: ಮೊದಲನೆಯದು 210 ಕಿಲೋ, ಎರಡನೆಯದು 0.3 ಶೇಕಡಾದಲ್ಲಿ 1,260 ಕಿಲೋ. ಹಾಗಾಗಿ ಕಿಲೋ ದರ ಹೋಲಿಸಬೇಡಿ, ಟನ್ ಮಿಶ್ರಣದ ಖರ್ಚು ಹೋಲಿಸಿ.

ನಾರಿನ ಮೈಗೂ ಡಾಂಬರು ಬೇಕು. ಹಳೆಯ ಡಿಸೈನ್‌ಗೇ ನಾರು ಸೇರಿಸಿ ಕೈತೊಳೆದುಕೊಂಡರೆ ಮಿಶ್ರಣ ಒಣಕಲಾಗುತ್ತದೆ. ನಾರಿನ ಪ್ರಮಾಣ ಹೆಚ್ಚಿದ್ದಾಗ ಮಾರ್ಷಲ್ ಪರೀಕ್ಷೆ (ಡಾಂಬರಿನ ಸರಿಯಾದ ಪ್ರಮಾಣ ಗೊತ್ತುಮಾಡುವ ಲ್ಯಾಬ್ ಪರೀಕ್ಷೆ) ಹೊಸದಾಗಿ ಮಾಡಿಸಿ, ಒತ್ತಿದ ಮಿಶ್ರಣದೊಳಗೆ ಉಳಿಯುವ ಗಾಳಿಯ ಸಂದು 4 ಶೇಕಡಾ ಬರುವಂತೆ ಡಾಂಬರು ನಿಗದಿಪಡಿಸಿ. ನಾರಿನ ಮಿಶ್ರಣ ಗಡಸು; ರೋಲರ್ ತಡಮಾಡುವಂತಿಲ್ಲ. ಹಾಸಿದ ಪದರದಲ್ಲಿ ಸಂದು 8 ಶೇಕಡಾ ದಾಟಿದರೆ ನೀರು ಇಳಿಯಲು ದಾರಿಯಾಗುತ್ತದೆ.

ಪ್ರಶ್ನೆ: ಬಿರುಕು ಬಿಟ್ಟ ಹಳೇ ರಸ್ತೆಯ ಮೇಲೆ ಇದನ್ನೇ ಹಾಸಬಹುದೇ?

ಉತ್ತರ: ಹಾಸಬಹುದು, ಬಿರುಕುಗಳನ್ನು ಮೊದಲು ಮುಚ್ಚಿ. ಕೆಳಗಿನ ಬಿರುಕು ಮೇಲೇರುವುದನ್ನು ನಾರು ನಿಧಾನಿಸುತ್ತದೆ, ತಡೆಯುವುದಿಲ್ಲ. ಮೊಸಳೆ ಚರ್ಮದಂತೆ ಒಡೆದು ಗಾಲಿಯಡಿ ಕುಸಿಯುವ ರಸ್ತೆಯಾದರೆ ದೋಷ ತಳದಲ್ಲಿದೆ. ಅಲ್ಲಿ ನಾರಿಗೆ ದುಡ್ಡು ಹಾಕಬೇಡಿ, ಚರಂಡಿಗೂ ಬುನಾದಿಗೂ ಹಾಕಿ.