ವೇ ಬ್ರಿಜ್‌ನಿಂದ ಆಫೀಸಿಗೆ ಸಿರಿಯಲ್ ಡೇಟಾ: ಮೋಡೆಮ್‌ಗಿಂತ ಮೊದಲು ಕೇಬಲ್ ನೋಡಿ

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿರುವ ವೇ ಬ್ರಿಜ್‌ನ (ವಾಹನ ತೂಗುವ ಯಂತ್ರದ) ತೂಕ ತೋರಿಸುವ ಇಂಡಿಕೇಟರ್‌ನಿಂದ ಆಫೀಸಿನ ಕಂಪ್ಯೂಟರಿಗೆ 600 ಮೀಟರ್ ಕೇಬಲ್ ಹಿಡಿಯುತ್ತದೆ. 5 ಜೋಡಿಯ ಟೆಲಿಫೋನ್ ಕೇಬಲ್ ಎಳೆದು, ಮೂರು ತಂತಿಗಳನ್ನು (ಕಳಿಸುವುದು, ಪಡೆಯುವುದು, ಗ್ರೌಂಡ್) ನೇರವಾಗಿ ಆರ್‌ಎಸ್-232 ಎಂಬ ಸಿರಿಯಲ್ ಪೋರ್ಟಿಗೆ ಕೊಟ್ಟಿದ್ದೇವೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ತೂಕದ ಬದಲು ಏನೇನೋ ಅಕ್ಷರ ಬರುತ್ತವೆ. ಗಾಣದ ಮೋಟರ್ ಶುರುವಾದರೆ ಇನ್ನೂ ಕೆಡುತ್ತದೆ. ಮಳೆಗಾಲದಲ್ಲಿ ಒಂದು ಪೋರ್ಟ್ ಸುಟ್ಟೂ ಹೋಯಿತು. ಶಾರ್ಟ್ ರೇಂಜ್ ಮೋಡೆಮ್ (ತಂತಿಯ ಮೇಲೆ ಹತ್ತಿರದ ಕಟ್ಟಡಗಳ ನಡುವೆ ಡೇಟಾ ಸಾಗಿಸುವ ಸಾಧನ) ಹಾಕಿದರೆ ಸರಿಹೋದೀತೇ? ಅಳವಡಿಸುವುದು ಹೇಗೆ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಸರಿಹೋಗುತ್ತದೆ. ಆದರೆ ಮೋಡೆಮ್ ಕೊಳ್ಳುವ ಮೊದಲು ಕೇಬಲ್ ಅಳೆಯಿರಿ. ಇಂಥ ಕೆಲಸದಲ್ಲಿ ತೊಂದರೆ ಬರುವುದು ಬಹುಪಾಲು ತಂತಿಯಿಂದಲೇ.

ಈಗಿನ ಕಾರಣ ಸರಳ. ಆರ್‌ಎಸ್-232 ಪೋರ್ಟಿಗೆ ಕೇಬಲ್ಲಿನ ಕೆಪಾಸಿಟೆನ್ಸ್ (ತಂತಿಗಳು ವಿದ್ಯುದಂಶವನ್ನು ಹಿಡಿದಿಡುವ ಗುಣ) 2,500 ಪಿಕೊಫ್ಯಾರಡ್ ಮೀರಬಾರದು. ಟೆಲಿಫೋನ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 50 ಪಿಕೊಫ್ಯಾರಡ್ ಇರುತ್ತದೆ. 600 ಮೀಟರಿಗೆ 30,000 ಆಯಿತು, ಅಂದರೆ ಮಿತಿಯ 12 ಪಟ್ಟು. ಚೌಕಾಕಾರದ ಸಂಕೇತ ಆ ತುದಿ ಮುಟ್ಟುವಷ್ಟರಲ್ಲಿ ಮೂಲೆ ಸವೆದು ಸೋಮಾರಿಯಾಗುತ್ತದೆ. ಜೊತೆಗೆ ಆ ಮೂರನೆಯ ತಂತಿ, ಅಂದರೆ ಗ್ರೌಂಡ್, ಎರಡೂ ಕಟ್ಟಡಗಳ ಅರ್ಥಿಂಗನ್ನು ಒಂದಕ್ಕೊಂದು ಸೇರಿಸುತ್ತದೆ. ದೊಡ್ಡ ಮೋಟರ್ ಶುರುವಾದಾಗ ಆ ಎರಡು ಅರ್ಥಿಂಗ್‌ಗಳ ನಡುವೆ ಏಳುವ ವೋಲ್ಟೇಜು ನಿಮ್ಮ ಸಂಕೇತದ ಮೇಲೆಯೇ ಕೂರುತ್ತದೆ. ಸಿಡಿಲು ಬಡಿದಾಗ ಆ ವ್ಯತ್ಯಾಸ ಸಾವಿರಾರು ವೋಲ್ಟಿಗೆ ಏರಬಹುದು. ಪೋರ್ಟ್ ಸುಟ್ಟದ್ದಕ್ಕೆ ಅದೇ ಕಾರಣವಿರಬೇಕು.

ಶಾರ್ಟ್ ರೇಂಜ್ ಮೋಡೆಮ್ ಒಂದು ಜೋಡಿಯಲ್ಲಿ ಕಳಿಸಿ ಇನ್ನೊಂದರಲ್ಲಿ ಪಡೆಯುತ್ತದೆ. ಸಂಕೇತ ಜೋಡಿಯ ಎರಡು ತಂತಿಗಳ ವ್ಯತ್ಯಾಸವಾಗಿ ಹೋಗುವುದರಿಂದ, ಎರಡಕ್ಕೂ ಒಂದೇ ರೀತಿ ತಗಲುವ ಗದ್ದಲ ಕಳೆದುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಮಾದರಿಯನ್ನೇ ಕೊಳ್ಳಿ. ಅದರಲ್ಲಿ ಎರಡು ತುದಿಗಳ ಅರ್ಥಿಂಗ್ ಬೇರೆಬೇರೆಯೇ ಉಳಿಯುತ್ತದೆ. ಕಟ್ಟಡಗಳ ನಡುವಿನ ಆ ಮೂರನೆಯ ತಂತಿಯನ್ನು ತೆಗೆದುಹಾಕಿ.

ಈಗ ಕೇಬಲ್. ಎರಡೂ ತುದಿಗಳನ್ನು ಎಲ್ಲ ಸಾಧನಗಳಿಂದ ಬಿಡಿಸಿ. ಗೇಟಿನ ತುದಿಯಲ್ಲಿ ಒಂದು ಜೋಡಿಯನ್ನು ಶಾರ್ಟ್ ಮಾಡಿ, ಆಫೀಸಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 0.5 ಮಿ.ಮೀ. ತಾಮ್ರದ ತಂತಿಗೆ ಹೋಗಿ ಬರುವ ದಾರಿಯ ರೋಧ ಕಿಲೋಮೀಟರಿಗೆ ಸುಮಾರು 176 ಓಮ್. ನಿಮ್ಮ 600 ಮೀಟರಿಗೆ 105 ಓಮ್ ಬರಬೇಕು. ಬೇಸಿಗೆಯಲ್ಲಿ 110ರವರೆಗೆ ಹೋಗಬಹುದು. 150 ತೋರಿಸಿದರೆ ಎಲ್ಲೋ ಜಾಯಿಂಟ್ ತುಕ್ಕು ಹಿಡಿದಿದೆ, ಅಥವಾ ನಿಮಗೆ ಸಿಕ್ಕಿದ ತಂತಿ ಹೇಳಿದಷ್ಟು ದಪ್ಪವಿಲ್ಲ. ಅಂಕಿ ಕುಣಿಯುತ್ತಿದ್ದರೆ ಖಂಡಿತ ಜಾಯಿಂಟೇ. ತಂತಿ ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳನ್ನೆಲ್ಲ ಕತ್ತರಿಸಿ, ಜೆಲ್ಲಿ ತುಂಬಿದ ಕ್ರಿಂಪ್ ಕನೆಕ್ಟರ್ ಹಾಕಿ. ಆಮೇಲೆ ಶಾರ್ಟ್ ಬಿಡಿಸಿ, ತಂತಿ ತಂತಿಗಳ ನಡುವೆಯೂ ತಂತಿ ಮತ್ತು ಅರ್ಥಿಂಗ್ ನಡುವೆಯೂ ಅಳೆಯಿರಿ. ಮೀಟರ್ ಪೂರ್ತಿ ಓಪನ್ ತೋರಿಸಬೇಕು. ಕೆಲವು ನೂರು ಕಿಲೋಓಮ್ ಬಂದರೆ ಕೇಬಲ್ಲಿಗೆ ನೀರು ಇಳಿದಿದೆ.

ಇಷ್ಟೆಲ್ಲ ಸರಿ ಬಂದರೂ ಒಂದು ತಪ್ಪು ಅಡಗಿರಬಹುದು. ಅದನ್ನು ತುಸು ವಿವರವಾಗಿ ಹೇಳುತ್ತೇವೆ. 5 ಜೋಡಿ ಕೇಬಲ್‌ನಲ್ಲಿ ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು, ಬಿಳಿ-ಕಂದು, ಬಿಳಿ-ಬೂದು ಎಂಬ ಜೋಡಿಗಳಿರುತ್ತವೆ. ಹೊರಕವಚ ಬಿಡಿಸಿದ ಮೇಲೆ ತಿರುವು ಬಿಚ್ಚಿಕೊಂಡರೆ ಐದೂ ಬಿಳಿ ತಂತಿ ಒಂದೇ ಥರ ಕಾಣುತ್ತವೆ. ಕಿತ್ತಳೆಯ ಬಿಳಿಯನ್ನು ನೀಲಿಯ ಜೊತೆ ಎರಡೂ ತುದಿಯಲ್ಲಿ ಒಂದೇ ರೀತಿ ಹಾಕಿಬಿಟ್ಟರೆ ಮಲ್ಟಿಮೀಟರ್‌ನಲ್ಲಿ 105 ಓಮ್ ಸರಿಯಾಗಿಯೇ ಬರುತ್ತದೆ. ಆದರೆ ಸಂಕೇತ ಹೋಗುವ ತಂತಿ ಮತ್ತು ಬರುವ ತಂತಿ ಒಂದಕ್ಕೊಂದು ಸುತ್ತಿಕೊಂಡಿರುವುದಿಲ್ಲ. ಆಗ ಕಳಿಸುವ ಡೇಟಾ ಪಡೆಯುವ ಕಡೆಗೆ ಸೋರುತ್ತದೆ, ಮೋಟರಿನ ಗದ್ದಲವೂ ಹತ್ತಿಕೊಳ್ಳುತ್ತದೆ. ಟ್ವಿಸ್ಟೆಡ್ ಪೇರ್ ಹಾಕಿಯೂ ಅದರ ಪ್ರಯೋಜನ ಸಿಗುವುದಿಲ್ಲ. ಹಿಡಿಯುವ ದಾರಿ: ಆಚೆ ತುದಿ ಓಪನ್ ಬಿಟ್ಟು, ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರಿನಿಂದ ಪ್ರತಿ ಜೋಡಿಯನ್ನೂ ನೋಡಿ. ಸರಿಯಾದ ಜೋಡಿ ಸುಮಾರು 30 ನ್ಯಾನೊಫ್ಯಾರಡ್ (ಅಂದರೆ ಮೇಲಿನ ಅದೇ 30,000 ಪಿಕೊಫ್ಯಾರಡ್) ತೋರಿಸುತ್ತದೆ. ಅದಲುಬದಲಾದ ಜೋಡಿಗಳಲ್ಲಿ ಅಂಕಿ ಎದ್ದು ಕಾಣುವಷ್ಟು ಕಡಿಮೆ ಇರುತ್ತದೆ. ಕವಚ ಬಿಡಿಸುವಾಗಲೇ ಪ್ರತಿ ಜೋಡಿಯನ್ನು ಬುಡದಲ್ಲಿ ದಾರದಿಂದ ಕಟ್ಟಿಬಿಟ್ಟರೆ ಈ ಪಾಡೇ ಇಲ್ಲ.

ಕೇಬಲ್ ಸರಿಯಿದೆ ಎಂದಾದ ಮೇಲೆ ಎರಡೂ ಮೋಡೆಮ್‌ಗಳನ್ನು ಮೊದಲು ಒಂದೇ ಮೇಜಿನ ಮೇಲಿಟ್ಟು ಒಂದು ಮೀಟರ್ ತಂತಿಯಲ್ಲಿ ಓಡಿಸಿ. ಒಂದರ ಟ್ರಾನ್ಸ್‌ಮಿಟ್ ಜೋಡಿ ಇನ್ನೊಂದರ ರಿಸೀವ್ ಜೋಡಿಗೆ ಹೋಗಬೇಕು, ಅದೇ ರೀತಿ ತಿರುಗಿಯೂ. ಪ್ಲಸ್-ಮೈನಸ್ ಕೆಲವು ಮಾದರಿಗೆ ಲೆಕ್ಕವಿಲ್ಲ, ಕೆಲವಕ್ಕೆ ಬೇಕೇಬೇಕು; ಪ್ಲಸ್‌ಗೆ ಪ್ಲಸ್ ಕೊಟ್ಟುಬಿಟ್ಟರೆ ಯೋಚನೆಯಿಲ್ಲ. ಮೇಜಿನ ಮೇಲೆ ಕೆಲಸ ಮಾಡಿದ್ದು ಗೇಟಿನಲ್ಲಿ ಕೈಕೊಟ್ಟರೆ ದೋಷ ಲೈನಿನದು ಎಂದು ಆಗಲೇ ಗೊತ್ತಾಗುತ್ತದೆ.

ಇಂಡಿಕೇಟರ್‌ಗಳ 9 ಪಿನ್ ಕನೆಕ್ಟರ್ ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಊಹಿಸಬೇಡಿ. ಡೇಟಾ ಹೋಗದೆ ಸುಮ್ಮನಿರುವಾಗ 5ನೇ ಪಿನ್‌ಗೆ ಮೀಟರಿನ ಕಪ್ಪು ತಂತಿ ಇಟ್ಟು 2 ಮತ್ತು 3ನ್ನು ಮುಟ್ಟಿ. ಮೈನಸ್ 5ರಿಂದ ಮೈನಸ್ 12 ವೋಲ್ಟ್ ಇರುವುದೇ ಇಂಡಿಕೇಟರ್ ಕಳಿಸುವ ಪಿನ್. ಸೊನ್ನೆಯ ಆಸುಪಾಸಿನದು ಪಡೆಯುವ ಪಿನ್. ಕಳಿಸುವ ಪಿನ್ ಮೋಡೆಮ್‌ನ ಟಿಡಿಗೆ (ಟ್ರಾನ್ಸ್‌ಮಿಟ್ ಡೇಟಾ ಪಿನ್) ಹೋಗಬೇಕು, ಏಕೆಂದರೆ ಮೋಡೆಮ್‌ನಲ್ಲಿ ಟಿಡಿ ಎಂಬುದು ಒಳಬರುವ ಬಾಗಿಲು. ಆಫೀಸಿನ ಕಡೆ ಕಂಪ್ಯೂಟರಿಗೆ ನೇರ ಕೇಬಲ್ ಸಾಕು. ಡಿಟಿಇ-ಡಿಸಿಇ ಸ್ವಿಚ್ (ಪಿನ್‌ಗಳು ಕಂಪ್ಯೂಟರಿನಂತೆ ಇರಬೇಕೋ ಮೋಡೆಮ್‌ನಂತೆ ಇರಬೇಕೋ ಎಂದು ಆರಿಸುವುದು) ಇರುವ ಮಾದರಿಯಾದರೆ ಕಂಪ್ಯೂಟರಿನ ಕಡೆ ಡಿಸಿಇಯಲ್ಲಿಡಿ.

ಇಂಡಿಕೇಟರ್ ಬರೀ ಮೂರು ತಂತಿ ಕೊಡುತ್ತದೆ, ಆರ್‌ಟಿಎಸ್ (ಕಳಿಸಲೇ ಎಂದು ಕೇಳುವ ಸಂಕೇತ) ಕೊಡುವುದಿಲ್ಲ. ಆದ್ದರಿಂದ ಮೋಡೆಮ್ ಲೈನಿಗೆ ಬಿಡುವ ಸಂಕೇತ (ಕ್ಯಾರಿಯರ್) ಸದಾ ಆನ್ ಇರುವಂತೆ ಜಂಪರ್ ಹಾಕಿ. ಆರ್‌ಟಿಎಸ್ ಬಂದರೆ ಮಾತ್ರ ಕಳಿಸು ಎಂದಿದ್ದರೆ ಒಂದಕ್ಷರವೂ ಹೊರಡುವುದಿಲ್ಲ. ಅಕ್ಷರಕ್ಕೆ ಎಷ್ಟು ಬಿಟ್ ಎಂಬ ಸ್ವಿಚ್ ಇದ್ದರೆ, 8ಎನ್1 (8 ಡೇಟಾ ಬಿಟ್, ಪ್ಯಾರಿಟಿ ಎಂಬ ತಪ್ಪು ಹಿಡಿಯುವ ಬಿಟ್ ಇಲ್ಲ, 1 ಸ್ಟಾಪ್ ಬಿಟ್) ಮತ್ತು 7ಇ1 (7 ಡೇಟಾ ಬಿಟ್, ಪ್ಯಾರಿಟಿ ಇದೆ) ಎರಡಕ್ಕೂ, ಸ್ಟಾರ್ಟ್ ಬಿಟ್ ಸೇರಿ, 10. 8ಇ1 ಆದರೆ 11.

ವೇಗವನ್ನು 2400ಕ್ಕೆ ಇಳಿಸಿ ಎಂಬುದು ನಮ್ಮ ಸಲಹೆ. ಸೆಕೆಂಡಿಗೆ 240 ಅಕ್ಷರ ಸಿಗುತ್ತದೆ. ಒಂದು ತೂಕದ ಸಾಲಿಗೆ 20 ಅಕ್ಷರ ಹಿಡಿದರೂ ಸೆಕೆಂಡಿಗೆ 12 ಸಲ. ಟ್ರ್ಯಾಕ್ಟರ್ ಟ್ರೇಲರ್ ತೂಗಲು ಅದು ಧಾರಾಳ.

ಟ್ರಾನ್ಸ್‌ಫಾರ್ಮರ್ ಇದೆಯೆಂದು ಸಿಡಿಲಿನ ಚಿಂತೆ ಬಿಡಬೇಡಿ. ಎರಡೂ ತುದಿಯ ಕ್ರೋನ್ ಬಾಕ್ಸ್‌ಗಳಲ್ಲಿ (ಟೆಲಿಫೋನ್ ಜೋಡಿಗಳನ್ನು ಕೂಡಿಸುವ ಪೆಟ್ಟಿಗೆ), ಬಳಸುವ ಪ್ರತಿ ಜೋಡಿಗೂ 230 ವೋಲ್ಟಿನ ಮೂರು ಕಾಲಿನ ಗ್ಯಾಸ್ ಟ್ಯೂಬ್ (ವೋಲ್ಟೇಜು ಮಿತಿ ಮೀರಿದರೆ ಅದನ್ನು ಅರ್ಥಿಂಗ್‌ಗೆ ಹರಿಸುವುದು) ಇರುವ ಪ್ರೊಟೆಕ್ಷನ್ ಮಾಡ್ಯೂಲ್ ಹಾಕಿ. ಅರ್ಥಿಂಗ್ ತಂತಿ ಗಿಡ್ಡವಾಗಿ, ಸುರುಳಿಯಿಲ್ಲದೆ ಆ ಕಟ್ಟಡದ್ದೇ ಅರ್ಥಿಂಗ್‌ಗೆ ಹೋಗಲಿ. ಕೇಬಲ್ಲಿನ ಅಲ್ಯೂಮಿನಿಯಂ ಹಾಳೆಯ ಕವಚವನ್ನು ಆಫೀಸಿನ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಎರಡೂ ಕಡೆ ಮಾಡಿದರೆ ಕಟ್ಟಡಗಳ ನಡುವಿನ ಕರೆಂಟು ಕವಚದಲ್ಲೇ ಹರಿಯುತ್ತದೆ. ಪವರ್ ಕೇಬಲ್ಲಿಗೆ 300 ಮಿ.ಮೀ. ದೂರ ಕೊಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ಕೊನೆಯ ಪರೀಕ್ಷೆ ಕಾರ್ಖಾನೆ ಪೂರ್ತಿ ಓಡುತ್ತಿರುವಾಗಲೇ ಆಗಬೇಕು. ಗೇಟಿನ ಮೋಡೆಮ್‌ನ ಸಿರಿಯಲ್ ಕನೆಕ್ಟರ್‌ನಲ್ಲಿ 2 ಮತ್ತು 3ನ್ನು ಸೇರಿಸಿ, ಆಫೀಸಿನಿಂದ ಪುಟ್ಟಿ (PuTTY) ಎಂಬ ಟರ್ಮಿನಲ್ ತಂತ್ರಾಂಶದಲ್ಲಿ ಟೈಪ್ ಮಾಡಿ (ಟೈಪಿಸಿದ್ದನ್ನು ತಾನೇ ತೋರಿಸುವ ಲೋಕಲ್ ಎಕೋ ಆಫ್ ಇರಲಿ). ಟೈಪಿಸಿದ್ದು ಹಾಗೆಯೇ ಮರಳಬೇಕು. ಸದಾ ಒಂದೇ ಥರದ ಕಸ ಬಂದರೆ ವೇಗ ಅಥವಾ ಬಿಟ್ ಹೊಂದಾಣಿಕೆ ತಪ್ಪಿದೆ. ಆಗೊಮ್ಮೆ ಈಗೊಮ್ಮೆ ಬಂದರೆ ಮತ್ತೆ ಜೋಡಿಗಳನ್ನು ನೋಡಿ. ಏನೂ ಬಾರದಿದ್ದರೆ ಟ್ರಾನ್ಸ್‌ಮಿಟ್-ರಿಸೀವ್ ಜೋಡಿ ಅದಲುಬದಲಾಗಿರಬಹುದು, ಅಥವಾ ಕ್ಯಾರಿಯರ್ ಜಂಪರ್ ಬಿಟ್ಟುಹೋಗಿದೆ.

ಪ್ರಶ್ನೆ: ಅಡಾಪ್ಟರ್ ಬೇಡದ, ಪೋರ್ಟಿನಿಂದಲೇ ವಿದ್ಯುತ್ ಪಡೆಯುವ ಮೋಡೆಮ್ ತಂದೆವು. ಹಳೆಯ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಯುಎಸ್‌ಬಿ ಕನ್ವರ್ಟರ್ ಹಾಕಿದ ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ. ಯಾಕೆ?

ಉತ್ತರ: ಅಂಥ ಮೋಡೆಮ್ ಟಿಡಿ, ಆರ್‌ಟಿಎಸ್, ಡಿಟಿಆರ್ (ಕಂಪ್ಯೂಟರ್ ಸಿದ್ಧ ಎನ್ನುವ ಸಂಕೇತ) ತಂತಿಗಳ ವೋಲ್ಟೇಜಿನಿಂದ ಬದುಕುತ್ತದೆ. ಹಳೆಯ ಪೋರ್ಟ್ 10-12 ವೋಲ್ಟ್ ಕೊಡುತ್ತಿತ್ತು. ಅನೇಕ ಕನ್ವರ್ಟರ್‌ಗಳು 5-6 ವೋಲ್ಟ್ ಮಾತ್ರ. ಮೊದಲು ತಂತ್ರಾಂಶದಲ್ಲಿ ಆರ್‌ಟಿಎಸ್, ಡಿಟಿಆರ್ ಎರಡನ್ನೂ ಆನ್ ಮಾಡಿ ನೋಡಿ. ಆಗದಿದ್ದರೆ ಅಡಾಪ್ಟರ್ ಇರುವ ಮಾದರಿಯೇ ಗತಿ. ಮೂರೇ ತಂತಿ ಇರುವ ಇಂಡಿಕೇಟರ್ ಕಡೆಗಂತೂ ಅಡಾಪ್ಟರ್ ಮಾದರಿಯನ್ನೇ ತನ್ನಿ.

ಪ್ರಶ್ನೆ: ಇಂಟರ್‌ಕಾಮ್ ಕೇಬಲ್ಲಿನ ಖಾಲಿ ಜೋಡಿಗಳನ್ನು ಬಳಸಬಹುದೇ?

ಉತ್ತರ: ನಿಜವಾಗಿಯೂ ಖಾಲಿಯಾಗಿದ್ದರೆ ಬಳಸಬಹುದು. ಇಪಿಎಬಿಎಕ್ಸ್ (ಇಂಟರ್‌ಕಾಮ್‌ನ ಎಕ್ಸ್‌ಚೇಂಜ್) ಕಡೆಯ ಜಂಪರ್ ತಂತಿ ತೆಗೆದು, ಜೋಡಿಯಲ್ಲಿ ಡಿಸಿ ವೋಲ್ಟೇಜ್ ಸೊನ್ನೆ ಎಂದು ಮೀಟರಿನಲ್ಲಿ ಖಾತ್ರಿಪಡಿಸಿಕೊಳ್ಳಿ. ಫೋನಿನ ಬ್ಯಾಟರಿ, ಗಂಟೆಯ ವೋಲ್ಟೇಜು ಮೋಡೆಮ್‌ಗೆ ತಗಲಬಾರದು. ಮಧ್ಯೆ ಎಲ್ಲೂ ಬೇರೆ ಟೆಲಿಫೋನಿಗೆ ಕವಲು ಹೋಗಿರಬಾರದು. ತುದಿ ತೆರೆದ ಕವಲು ಕೂಡ ಕೆಪಾಸಿಟೆನ್ಸ್ ಸೇರಿಸಿ ಸಂಕೇತವನ್ನು ಹಿಂದಕ್ಕೆ ಪುಟಿಸುತ್ತದೆ. ಬಾಕ್ಸಿನಿಂದ ಮೋಡೆಮ್‌ವರೆಗೆ ಫೋನಿನ ಚಪ್ಪಟೆ ವೈರ್ ಬೇಡ. ಅದರಲ್ಲಿ ತಿರುವೇ ಇರುವುದಿಲ್ಲ. ಅದೇ ಜೋಡಿ ತಂತಿಯ ತುಂಡನ್ನು ಹಾಕಿ.