ಅಸೂಯೆಯಿಂದ ತಂಡ ತೊರೆದು ಸಿರಿವಂತ ಖಳನನ್ನು ಒಬ್ಬನೇ ಎದುರಿಸುವ ಸೂಪರ್‌ಹೀರೋನನ್ನು ನಂಬುವಂತೆ ಚಿತ್ರಿಸುವುದು ಹೇಗೆ?

ಧಾರವಾಡದ ಶಾಲಾ ಮಕ್ಕಳ ನಾಟಕಕ್ಕೆ ಇಂಥ ಕಥೆ ಬೇಕೆಂದು ನೀವು ಕೇಳಿದ್ದೀರಿ. ಅಸೂಯೆಯು ಬರಿಯ ಕೆಟ್ಟ ಗುಣವಾಗಿ ಕಂಡರೆ ಪಾತ್ರ ಸಪ್ಪೆಯಾಗುತ್ತದೆ. ಅದರ ಹಿಂದೆ ತುಂಬಿದ ಸಭೆಯಲ್ಲಾದ ಒಂದು ಅವಮಾನವಿರಬೇಕು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಕನ್ನಡಕ್ಕೆ ತಂದ ಮಹಾಭಾರತದ ಕರ್ಣನನ್ನೇ ನೆನೆಯಿರಿ. ವೀರರ ಬಲಾಬಲವನ್ನು ಎಣಿಸುವಾಗ ಭೀಷ್ಮನು ತನ್ನನ್ನು ಅರ್ಧರಥನೆಂದು ಹಳಿದದ್ದಕ್ಕೆ ನೊಂದ ಅವನು, ಭೀಷ್ಮನು ಬೀಳುವವರೆಗೆ ಯುದ್ಧ ಮಾಡೆನೆಂದು ಶಪಥ ತೊಟ್ಟು, ಕೌರವರಿಗೆ ತನ್ನ ಅಗತ್ಯ ಬಹಳವಿದ್ದ ಮೊದಲ 10 ದಿನ ರಣರಂಗದಿಂದ ದೂರವೇ ಉಳಿದನು. ಅವನ ಮೇಲೆ ನಮಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ನಿಮ್ಮ ನಾಯಕನಿಗೂ ಅದು ದಕ್ಕಬೇಕು.

ಇನ್ನು ಖಳನ ಮಾತು. ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ 1940ರಲ್ಲಿ ವಿಜ್ಞಾನಿಯಾಗಿ ಕಾಣಿಸಿಕೊಂಡು, 1986ರಲ್ಲಿ ಹೊಸದಾಗಿ ರೂಪುಗೊಂಡಾಗ ಭಾರಿ ಉದ್ಯಮಪತಿಯಾದನು. ಊರನ್ನೇ ಕೊಳ್ಳಬಲ್ಲವನ ಮುಂದೆ ತೋಳ್ಬಲ ನಡೆಯುವುದಿಲ್ಲ, ಆ ಬದಲಾವಣೆಯ ಸತ್ವ ಅಲ್ಲಿದೆ. ಆದ್ದರಿಂದ ನಿಮ್ಮ ಖಳನು ಕೈಯೆತ್ತದಿರಲಿ. ಕುರ್ಚಿ ಸರಿಸಿ, ಪೇಡೆಯ ಪೊಟ್ಟಣ ಬಿಚ್ಚಿ, “ನಿಮ್ಮ ಬೆಲೆ ಅವರಿಗೆ ತಿಳಿಯಲಿಲ್ಲ, ನನಗೆ ಗೊತ್ತು” ಎನ್ನಲಿ. ತಂಡದಿಂದ ಕೇಳಬಯಸಿದ್ದ ಮಾತನ್ನೇ ವೈರಿಯ ಬಾಯಿಂದ ಕೇಳಿದ ನಾಯಕನು ಪೇಡೆಗೆ ಕೈ ಚಾಚುತ್ತಾನೋ ಇಲ್ಲವೋ ಎಂಬಲ್ಲಿ ನಿಜವಾದ ಕಾಳಗ ನಡೆಯುತ್ತದೆ. ಹೊಡೆದಾಟದ ದೃಶ್ಯವನ್ನು ಎರಡೇ ನಿಮಿಷದಲ್ಲಿ ಮುಗಿಸಿದರೂ ಸಾಕು.